ಗುಳಿಗೆ ಕೊಡುವವರ ನಾಲಿಗೆ

ಹಳೆಯ ಕಾಲದ ಕಂಪೌಂಡರ್‌ಗಳು ಮಿಕ್ಸ್ಚರ್ ತುಂಬಿದ ಬಾಟಲಿಯ ಪಕ್ಕಕ್ಕೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪಟ್ಟಿಯ ಅಂಚನ್ನು ಕತ್ತರಿಯಿಂದ ಗರಗಸದ ಹಲ್ಲಿನಂತೆ ಕತ್ತರಿಸಿರುತ್ತಿದ್ದರು. ಒಂದು ಹಲ್ಲು ಇಳಿದರೆ ಒಂದು ಹೊತ್ತಿನ ಔಷಧಿ ಮುಗಿಯಿತು. ಓದು ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಈಗ ಅಳತೆಯೆಲ್ಲ ಕಾರ್ಖಾನೆಯಲ್ಲೇ ಮುಗಿದು ಗುಳಿಗೆ ಹಾಳೆಯಾಗಿ ಬರುತ್ತದೆ, ಅದರ ಮೇಲಿನ ಬರಹ ಮಾತ್ರ ಇಂಗ್ಲಿಷಿನದು. ಅಂಗಡಿಯವರು ಬೇಕಾದಷ್ಟೇ ಗುಳಿಗೆ ಕತ್ತರಿಸಿ ಕೊಟ್ಟರೆ ಎಕ್ಸ್‌ಪೈರಿ ತಾರೀಕಿನ ತುಂಡು ಅಂಗಡಿಯಲ್ಲೇ ಉಳಿದುಬಿಡುವುದೂ ಉಂಟು. ಫಾರ್ಮಸಿಸ್ಟರ ಕೈಯಿಂದ ಅರೆಯುವ, ಬೆರೆಸುವ ಕೆಲಸ ಹೋಯಿತು. ಹೋಗದೆ ಉಳಿದದ್ದು ಹೇಳುವ ಕೆಲಸ. ಈ ವೃತ್ತಿಗೆ ಬರುವ ಹುಡುಗ ಹುಡುಗಿಯರ ಭವಿಷ್ಯ ಅದರಲ್ಲೇ ಇದೆ ಎಂಬುದು ನನ್ನ ವಾದ.

ಆದವಾನಿ ಇದಕ್ಕೆ ಒಳ್ಳೆಯ ಸಾಕ್ಷಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆ ಕಡೆ ಸೇರಿದವು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಹೊಳಗುಂದ, ಕೌತಾಳಂ ಕಡೆಯಿಂದ ಹತ್ತಿ ಮಾರಲು ಪೇಟೆಗೆ ಬಂದವರು ಮೆಡಿಕಲ್ ಶಾಪಿನಲ್ಲಿ ಕನ್ನಡದಲ್ಲಿ ಕೇಳಿದರೆ, ಪಕ್ಕದಲ್ಲಿ ನಿಂತವರು ತೆಲುಗಿನಲ್ಲೋ ಉರ್ದುವಿನಲ್ಲೋ ಕೇಳುತ್ತಾರೆ. ವೈದ್ಯರನ್ನು ಹುಡುಕಿಕೊಂಡು ಇಲ್ಲಿಯವರು ಬಳ್ಳಾರಿಗೂ ಹೋಗುತ್ತಾರೆ, ಕರ್ನೂಲಿಗೂ ಹೋಗುತ್ತಾರೆ. ಸಕ್ಕರೆ ಕಾಯಿಲೆಗೆ ಅಲ್ಲೊಂದು ಚೀಟಿ, ಇಲ್ಲೊಂದು ಚೀಟಿ. ಎರಡರಲ್ಲೂ ಗ್ಲಿಮೆಪಿರೈಡ್ ಇದ್ದು ಬ್ರ್ಯಾಂಡ್ ಹೆಸರು ಬೇರೆಯಾದರೆ ರೋಗಿ ಎರಡನ್ನೂ ನುಂಗಿ, ಸಕ್ಕರೆ ಇಳಿದು ತಲೆ ಸುತ್ತಿ ಬೀಳಬಹುದು. ಎರಡೂ ಚೀಟಿ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗವೆಂದರೆ ಊರಿನ ಔಷಧಿ ಅಂಗಡಿಯ ಕೌಂಟರು. ಓಆರ್‌ಎಸ್ ವಿಷಯವೂ ಹೀಗೇ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆಂದು ಅಳೆದದ್ದು. ಅದನ್ನು ಒಂದೇ ಲೋಟಕ್ಕೆ ಸುರಿದು ಭೇದಿಯಾದ ಮಗುವಿಗೆ ಕುಡಿಸಿದರೆ ಉಪ್ಪು ಹೆಚ್ಚಾಗಿ ಅಪಾಯವಾಗುತ್ತದೆ. “ಪೂರಾ ಒಂದು ಲೀಟರ್ ಬಾಟಲಿಗೆ ಹಾಕ್ರಿ” ಎನ್ನಲು ಎಷ್ಟು ಹೊತ್ತು ಬೇಕು?

ಹೇಳುವುದು ಕೇವಲ ಉಪಕಾರವಲ್ಲ, ಕಾನೂನು. 1948ರ ಫಾರ್ಮಸಿ ಕಾಯ್ದೆ ನೋಂದಾಯಿತರಿಗೆ ಮಾತ್ರ ಔಷಧಿ ಕೊಡುವ ಹಕ್ಕು ಕೊಟ್ಟಿತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಯ ಜತೆ ತಾವಾಗಿಯೇ ಮಾತು ತೆಗೆಯುವ ಹೊಣೆ ಹೊರಿಸಿದವು. ಹೇಳುವುದರ ಜತೆಗೆ ಬರೆದಿಡುವ ಹೊಣೆಯೂ ಇದೆ: ಕಟ್ಟುನಿಟ್ಟಾಗಿ ಮಾರಬೇಕಾದ ಔಷಧಿಗಳ, 2014ರಿಂದ ಜಾರಿಯಲ್ಲಿರುವ ಎಚ್‌1 ಪಟ್ಟಿಯಲ್ಲಿರುವುದನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು.

ವ್ಯಾಪಾರದ ಕೌಂಟರಿನಲ್ಲಿ ಪಾಠಕ್ಕೆ ಪುರಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಗದ್ದಲ ನಿಜವೇ. ಆದರೆ ಎಲ್ಲರಿಗೂ ಎಲ್ಲವನ್ನೂ ಹೇಳಬೇಕಿಲ್ಲ. ಮಕ್ಕಳ ಔಷಧಿ, ಸಕ್ಕರೆ ಗುಳಿಗೆ, ಇನ್‌ಹೇಲರ್, ಹೊಸದಾಗಿ ಶುರುವಾದ ಬಿಪಿ ಗುಳಿಗೆ, ಇಷ್ಟಕ್ಕೆ ನಾಲ್ಕು ಮಾತು ಆಡಿದರೂ ದೊಡ್ಡದು. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯುಆರ್ ಕೋಡ್ ಬಂದಿದೆಯಲ್ಲ ಎನ್ನಬಹುದು. ಅದು ಬ್ಯಾಚ್ ನಂಬರು, ತಯಾರಕರ ಹೆಸರು ಹೇಳುತ್ತದೆ; ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನು ಹೇಳುವುದಿಲ್ಲ. ಫಾರ್ಮಸಿಸ್ಟರು ಡಾಕ್ಟರಾಗಲು ಹೊರಟರೆ ಎಂಬ ಅಂಜಿಕೆಗೆ ಹೆಚ್ಚು ತೂಕವಿದೆ. ಜ್ವರ ಎಂದವರಿಗೆ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೊಡುವುದು ಗೆರೆ ದಾಟಿದಂತೆಯೇ. “ಬೇರೆ ಗುಳಿಗೆ ತಗೊಳ್ತೀರಾ?” ಎಂದು ಕೇಳಿ ಅನುಮಾನ ಬಂದರೆ ವೈದ್ಯರಿಗೆ ಫೋನ್ ಮಾಡುವುದು ಗೆರೆಯ ಈಚೆಗೇ ಇದೆ.

ಈ ವೃತ್ತಿಗೆ ನಿಜವಾದ ಕುತ್ತು ಬಾಡಿಗೆ ಸರ್ಟಿಫಿಕೇಟಿನದು: ಹೆಸರು ಗೋಡೆಯ ಮೇಲೆ, ಆಸಾಮಿ ಇನ್ನೆಲ್ಲೋ. ಸುಮ್ಮನೆ ಡಬ್ಬಿ ಎತ್ತಿಕೊಡುವ ಅಂಗಡಿಯಾದರೆ ಆನ್‌ಲೈನ್ ರಿಯಾಯಿತಿಯ ಮುಂದೆ ಅದು ನಿಲ್ಲುವುದೂ ಕಷ್ಟ. ಓದಲು ದಾರಿಗಳೇನೋ ಇವೆ: ಎರಡು ವರ್ಷದ ಡಿ.ಫಾರ್ಮ್, ನಾಲ್ಕು ವರ್ಷದ ಬಿ.ಫಾರ್ಮ್, 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್.ಡಿ. ಬಳ್ಳಾರಿಯಲ್ಲಿ ಓದಿ ಆದವಾನಿಯಲ್ಲಿ ಅಂಗಡಿ ಇಡುವವರ ಹೆಸರು ಆಂಧ್ರದ ಫಾರ್ಮಸಿ ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿರಬೇಕು, ಅದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು. ಡಿ.ಫಾರ್ಮ್ ಓದುವವರಿಗೆ 500 ಗಂಟೆಯ ತರಬೇತಿ ಕಡ್ಡಾಯ. ಅದರಲ್ಲಿ ಡಬ್ಬಿ ಜೋಡಿಸುವುದಕ್ಕೆ ಎಷ್ಟು ಗಂಟೆ ಹೋಗುತ್ತದೆ, ಗಿರಾಕಿಯ ಮುಂದೆ ನಿಂತು ಮಾತಾಡುವುದಕ್ಕೆ ಎಷ್ಟು ಸಿಗುತ್ತದೆ ಎಂದು ಸೇರುವ ಮುಂಚೆಯೇ ಕೇಳಿಕೊಳ್ಳಬೇಕು.