ಋಣವೂ ಕರುಳೂ

ಮನುಷ್ಯನು ಪಾಪವನ್ನು ಯಾವ ಉಪಮಾನದಿಂದ ಅರಿಯುತ್ತಾನೋ, ಕ್ಷಮೆಯನ್ನೂ ಆ ಉಪಮಾನಕ್ಕೆ ತಕ್ಕಂತೆಯೇ ಬಯಸುತ್ತಾನೆ. ಪಾಪವು ಕೊಳೆಯೆಂದು ತೋರಿದರೆ ಕ್ಷಮೆಯು ತೊಳೆಯುವ ನೀರಾಗುತ್ತದೆ. ರೋಗವೆಂದು ತೋರಿದರೆ ಮದ್ದಾಗುತ್ತದೆ. ಯೇಸು ತನ್ನ ಜನರೊಡನೆ ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಶಬ್ದ ಸಲ್ಲುತ್ತಿತ್ತು. ಆತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯು ಮತ್ತಾಯನ ಸುವಾರ್ತೆಯಲ್ಲಿ ಸಾಲದ ಮನ್ನಾವನ್ನು ಬೇಡುತ್ತದೆ. ಲೂಕನ ಸುವಾರ್ತೆಯಲ್ಲಿ ಪಾಪದ ಕ್ಷಮೆಯನ್ನು ಬೇಡುತ್ತದೆ. ದೇವಋಣ, ಋಷಿಋಣ, ಪಿತೃಋಣಗಳ ಮಾತು ಕೇಳಿ ಬೆಳೆದ ನಮಗೆ ಈ ಭಾವನೆ ತೀರ ಹೊರಗಿನದೆಂದು ತೋರಲಾರದು. ಆದರೆ ತೀರಿಸಲಾಗದ ಋಣದ ಗತಿಯೇನು? ಕ್ರೈಸ್ತ ಶ್ರದ್ಧೆಯ ದೈವಕರುಣೆ ಮೊದಲಾಗುವುದು ಈ ಪ್ರಶ್ನೆಯಲ್ಲಿ.

ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ಒಬ್ಬ ಸೇವಕನು ತನ್ನ ಅರಸನಿಗೆ 10,000 ತಲಾಂತು ಸಾಲಗಾರನಾಗಿದ್ದನು. ಒಂದು ತಲಾಂತೆಂದರೆ ಸುಮಾರು 6,000 ಬೆಳ್ಳಿಯ ನಾಣ್ಯ. ಒಂದು ನಾಣ್ಯವೆಂದರೆ ಕೂಲಿಯವನ ಒಂದು ದಿನದ ಸಂಬಳ. ಎಂದಮೇಲೆ ಆ ಸಾಲವು 6 ಕೋಟಿ ದಿನಗಳ ಕೂಲಿ! ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಯೇಸುವಿನ ಕಾಲದಲ್ಲಿ ಗಲಿಲಾಯ ಮತ್ತು ಪೆರಿಯ ಪ್ರಾಂತಗಳಿಂದ ಹೆರೋದ ಅಂತಿಪನಿಗೆ ಬರುತ್ತಿದ್ದ ವಾರ್ಷಿಕ ಆದಾಯವೇ 200 ತಲಾಂತೆಂದು ಇತಿಹಾಸಕಾರ ಜೋಸೆಫಸನು ಬರೆದಿದ್ದಾನೆ. ಇಂಥ ಸಾಲದವನು ಅರಸನ ಕಾಲಿಗೆರಗಿ ಬೇಡುವುದೇನು? ಸ್ವಲ್ಪ ಕಾಲಾವಕಾಶ; ಎಲ್ಲವನ್ನೂ ತೀರಿಸುವೆನೆಂಬ ಭರವಸೆ! ಅರಸನು ಕಾಲಾವಕಾಶವನ್ನು ಕೊಡಲಿಲ್ಲ, ಸಾಲವನ್ನೇ ಬಿಟ್ಟುಬಿಟ್ಟನು.

ಹಾಗೆ ಬಿಡಲು ಕಾರಣವನ್ನು ಕಥೆಯು ಒಂದೇ ಕ್ರಿಯಾಪದದಲ್ಲಿ ಹೇಳುತ್ತದೆ. ಗ್ರೀಕ್ ಮೂಲದ ಆ ಕ್ರಿಯಾಪದವು ‘ಸ್ಪ್ಲಾಂಖ್ನ’ ಎಂಬ ಶಬ್ದದಿಂದ ಹುಟ್ಟಿದ್ದು. ಅದಕ್ಕೆ ಒಡಲೊಳಗಿನ ಅಂಗಗಳೆಂದು ಅರ್ಥ. ಹೀಬ್ರೂ ಭಾಷೆಯಲ್ಲಿ ಕರುಣೆಗೆ ‘ರಹಮೀಮ್’ ಎನ್ನುತ್ತಾರೆ. ಗರ್ಭವೆಂಬ ಅರ್ಥದ ‘ರೆಹೆಮ್’ ಅದರ ಸಂಬಂಧಿ. ಇದನ್ನು ಅನ್ಯಭಾಷೆಯವರಿಗೆ ವಿವರಿಸುವುದು ಕಷ್ಟವಾಗಬಹುದು. ಕನ್ನಡಿಗನಿಗೆ ‘ಕರುಳು’ ಎಂಬ ಒಂದು ಮಾತು ಸಾಕು. ನಮ್ಮಲ್ಲಿ ಕರುಳು ಕೇವಲ ಅಂಗವಲ್ಲ. ಹೆತ್ತ ಕರುಳು ಮಿಡಿಯುತ್ತದೆ, ಚುರುಕ್ಕೆನ್ನುತ್ತದೆ, ಮಗುವನ್ನು ಕರುಳ ಕುಡಿಯೆಂದು ಕರೆಯುತ್ತದೆ. ಅರಸನ ಒಡಲಲ್ಲಿ ಮಿಡಿದದ್ದು ಅದೇ ಕರುಳು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಸಮಾರ್ಯದವನ ಕಥೆಯಲ್ಲಿಯೂ, ದುಂದುಗಾರ ಮಗನ ಕಥೆಯಲ್ಲಿಯೂ ಬರುವುದು ಇದೇ ಕ್ರಿಯಾಪದ.

ದುಂದುಗಾರನ ಕಥೆ ಹುಟ್ಟಿದ ಸಂದರ್ಭವನ್ನು ಮರೆಯಬಾರದು. ‘ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂದು ನಮ್ಮ ಗಾದೆ ಯಾರನ್ನು ಹಳಿಯುವುದೋ ಅಂಥ ಸುಂಕದವರೊಡನೆ ಯೇಸು ಪಂಕ್ತಿಯಲ್ಲಿ ಕುಳಿತು ಉಂಡನು. ಧರ್ಮಿಷ್ಠರು ಗೊಣಗಿದರು. ಆ ಗೊಣಗಿಗೆ ಉತ್ತರವಾಗಿ ಬಂದದ್ದು ಈ ಕಥೆ. ಕಿರಿಯ ಮಗನು ತಂದೆ ಬದುಕಿರುವಾಗಲೇ ಪಾಲು ಕೇಳಿ ಪಡೆದು, ದೂರದೇಶದಲ್ಲಿ ಹಾಳುಮಾಡಿ, ಬರಗಾಲದಲ್ಲಿ ಹಂದಿಗಳನ್ನು ಮೇಯಿಸುವ ಸ್ಥಿತಿಗೆ ಇಳಿದನು. ಹಂದಿಯನ್ನು ಅಶುದ್ಧವೆಂದು ತಿಳಿಯುವ ಯೆಹೂದ್ಯನಿಗೆ ಇದಕ್ಕಿಂತ ಕೆಳಗಿನ ಸ್ಥಿತಿ ಉಂಟೆ? ತಾನು ಪಾಪ ಮಾಡಿದೆನೆಂದೂ, ಮಗನೆನಿಸಿಕೊಳ್ಳಲು ಯೋಗ್ಯನಲ್ಲವೆಂದೂ, ಕೂಲಿಯಾಳಾಗಿ ಇಟ್ಟುಕೊಳ್ಳಬೇಕೆಂದೂ ಹೇಳಲು ಸಿದ್ಧನಾಗಿ ಅವನು ಹೊರಟುಬರುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ಮುದುಕನು ಕಂಡನು, ಕರುಳು ಮಿಡಿಯಿತು, ಓಡಿದನು. ಕಥನಕೌಶಲವನ್ನು ಗಮನಿಸಬೇಕು: ಮಗನು ಮೊದಲಿನ ಎರಡು ಮಾತುಗಳನ್ನು ಆಡುತ್ತಾನೆ, ಕೂಲಿಯ ಮಾತು ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ತಂದೆಯು ಅಂಗಿ, ಉಂಗುರ, ಕೆರಗಳನ್ನು ತರಹೇಳಿಯಾಗಿದೆ.

ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗಲೆಲ್ಲ ಹೆಚ್ಚಿನ ವಿದ್ಯಾರ್ಥಿಗಳು ಹಿರಿಯ ಮಗನ ಪಕ್ಷವನ್ನು ವಹಿಸುವುದನ್ನು ನಾನು ಕಂಡಿದ್ದೇನೆ. ಒಮ್ಮೆ ಒಕ್ಕಲು ಮನೆತನದ ಹುಡುಗನೊಬ್ಬ ಎದ್ದುನಿಂತು, “ಮನೆಯಲ್ಲಿದ್ದು ಉತ್ತವನಿಗೆ ಏನೂ ಇಲ್ಲ, ಹಾಳುಮಾಡಿದವನಿಗೆ ಹಬ್ಬ. ಇದು ಯಾವ ನ್ಯಾಯ ಸಾರ್?” ಎಂದು ಕೇಳಿದನು. ಪ್ರಶ್ನೆ ಹಗುರವಾದದ್ದಲ್ಲ. ಅನ್ಯಾಯವನ್ನು ಉಂಡವರಿಗೆ ಕ್ಷಮೆಯ ಉಪದೇಶವು ಎಷ್ಟೋ ವೇಳೆ ಎರಡನೆಯ ಅನ್ಯಾಯವಾಗಿ ತೋರುತ್ತದೆ.

ಹಿರಿಯನ ಮಾತನ್ನು ಮತ್ತೊಮ್ಮೆ ಕೇಳಿನೋಡೋಣ. ಇಷ್ಟು ವರ್ಷ ಆಳಿನಂತೆ ದುಡಿದರೂ ತನಗೊಂದು ಆಡಿನ ಮರಿಯೂ ಸಿಗಲಿಲ್ಲವೆಂದು ಅವನ ದೂರು. ಕಿರಿಯನು ಕೂಲಿಯಾಳಾಗಲು ಬಂದವನು. ಹಿರಿಯನು ಮನೆಯಲ್ಲಿದ್ದೇ ತನ್ನನ್ನು ಆಳೆಂದು ಬಗೆದವನು. ಇಬ್ಬರದೂ ಲೆಕ್ಕದ ಭಾಷೆ. ಒಬ್ಬನು ಕೊಡಬೇಕಾದದ್ದನ್ನು ಎಣಿಸುತ್ತಾನೆ, ಇನ್ನೊಬ್ಬನು ಬರಬೇಕಾದದ್ದನ್ನು. ತಂದೆಯೊಬ್ಬನದು ಕರುಳಿನ ಭಾಷೆ. ಹಿರಿಯನು ತಮ್ಮನನ್ನು ತಮ್ಮನೆನ್ನದೆ ತಂದೆಯ ಮಗನೆಂದು ಕರೆಯುತ್ತಾನೆ. ತಂದೆಯು ಉತ್ತರದಲ್ಲಿ ಆ ಸೋದರಸಂಬಂಧವನ್ನು ಮೆಲ್ಲನೆ ಮರಳಿಸುತ್ತಾನೆ. ಅವನಿಗಾಗಿಯೂ ತಂದೆ ಹಬ್ಬವನ್ನು ಬಿಟ್ಟು ಹೊರಗೆ ಬಂದನೆಂಬುದನ್ನು ನನ್ನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಹಾಗಾದರೆ ನ್ಯಾಯ ಎಲ್ಲಿ ಹೋಯಿತು? ಇಲ್ಲಿ ಎರಡು ಶಬ್ದಗಳು ನಮ್ಮ ನೆರವಿಗೆ ಬರುತ್ತವೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಕ್ಷಮಿಸುವುದಕ್ಕೆ ಬಳಸಿರುವ ಮಾತಿಗೆ ಬಿಟ್ಟುಬಿಡು, ಹೋಗಗೊಡು ಎಂಬ ಅರ್ಥ. ಸಂಸ್ಕೃತದ ‘ಕ್ಷಮಾ’ ಶಬ್ದಕ್ಕಾದರೋ ತಾಳು, ಸಹಿಸು ಎಂಬ ಧಾತು. ಎಲ್ಲವನ್ನೂ ಹೊರುವ ಭೂಮಿಗೂ ಅದೇ ಹೆಸರು. ಕ್ರೈಸ್ತ ಚಿಂತನೆಗೆ ಈ ಎರಡು ಅರ್ಥಗಳೂ ಬೇಕು. ಅರಸನು ಬಿಟ್ಟ 10,000 ತಲಾಂತು ಗಾಳಿಯಲ್ಲಿ ಕರಗಲಿಲ್ಲ. ಆ ನಷ್ಟವನ್ನು ಅರಸನ ಬೊಕ್ಕಸವೇ ಹೊತ್ತಿತು. ಒಬ್ಬನಿಂದ ಇಳಿದ ಹೊರೆಯನ್ನು ಇನ್ನೊಬ್ಬನು ತಾಳಿಕೊಳ್ಳದೆ ಕ್ಷಮೆಯೆಂಬುದಿಲ್ಲ. ದೇವರು ಹಾಗೆ ತಾಳಿಕೊಂಡ ಸ್ಥಳವೇ ಶಿಲುಬೆಯೆಂದು ಕ್ರೈಸ್ತರು ನಂಬುತ್ತಾರೆ. ತನ್ನನ್ನು ಕೊಲ್ಲುತ್ತಿರುವವರಿಗೇ ಕ್ಷಮೆಯನ್ನು ಬೇಡಿದ ಆ ಕಡೆಯ ದಿನವನ್ನೇ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ವಸ್ತುವಾಗಿ ಆರಿಸಿಕೊಂಡರು.

ಆದುದರಿಂದ ಈ ಕರುಣೆ ಅಗ್ಗದ್ದಲ್ಲ. ಸಾಲ ಬಿಡಿಸಿಕೊಂಡ ಆ ಸೇವಕನು ಹೊರಗೆ ಬಂದೊಡನೆ ಮಾಡಿದ್ದೇನು? ತನಗೆ ಕೇವಲ 100 ನಾಣ್ಯ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆಯನ್ನು ಹಿಡಿದು ಸೆರೆಗೆ ಹಾಕಿಸಿದನು. ಅರಸನ ಕ್ಷಮೆಯೂ ಅಲ್ಲಿಗೆ ಮುಗಿಯಿತು. ತನಗೆ ಕರುಳು, ಪರರಿಗೆ ಲೆಕ್ಕ ಎಂಬ ನೀತಿ ಆ ಅರಸನ ಮುಂದೆ ನಡೆಯಲಿಲ್ಲ.

ಡಚ್ ಚಿತ್ರಕಾರ ರೆಂಬ್ರಾಂಟನು ತನ್ನ ಬಾಳಿನ ಕೊನೆಯ ವರ್ಷಗಳಲ್ಲಿ ದುಂದುಗಾರನ ಮರಳುವಿಕೆಯನ್ನು ಚಿತ್ರಿಸಿದನು. ಆ ಚಿತ್ರ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. 1656ರಲ್ಲಿ ಸಾಲದಿಂದ ದಿವಾಳಿಯೆದ್ದವನು ಅವನು. ತೀರದ ಋಣವೆಂದರೇನೆಂದು ಬಲ್ಲವನು. ಚಿತ್ರದ ಬೆಳಕೆಲ್ಲ ಹೆಚ್ಚಾಗಿ ಮುದುಕನ ಮುಖದ ಮೇಲೆ, ಮಗನ ಬೆನ್ನಿನ ಮೇಲಿಟ್ಟ ಅವನ ಕೈಗಳ ಮೇಲೆ ಬಿದ್ದಿದೆ. ಪಕ್ಕದಲ್ಲಿ ಕೈಕಟ್ಟಿ ನೆಟ್ಟಗೆ ನಿಂತವನೊಬ್ಬನಿದ್ದಾನೆ. ಅವನೇ ಹಿರಿಯ ಮಗನೆಂದು ನೋಡುಗರು ಗುರುತಿಸುತ್ತಾರೆ. ಅವನು ಒಳಗೆ ಹೋಗಿ ಪಂಕ್ತಿಯಲ್ಲಿ ಕುಳಿತನೇ? ಲೂಕನು ಹೇಳುವುದಿಲ್ಲ. ಗೊಣಗುತ್ತಿದ್ದ ಧರ್ಮಿಷ್ಠರಿಗೆ ಹೇಳಿದ ಕಥೆಯಲ್ಲವೆ? ಉತ್ತರವನ್ನು ಕೊಡಬೇಕಾದವರು ಅವರು. ಅವರೊಡನೆ, ತಮ್ಮನ ತಪ್ಪನ್ನು ಎಣಿಸುತ್ತ ಹೊಸ್ತಿಲ ಹೊರಗೆ ನಿಂತ ನಾವೆಲ್ಲರೂ.