ಮಳೆಗೆ ಮುಂಚೆ ಸಂಘದ ಅಂಗಳಕ್ಕೊಂದು ಶೌಚಾಲಯ



ದನದ ಡಾಕ್ಟರಿಗೂ ಶೌಚಾಲಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಬಯಲಲ್ಲಿ ಬಿದ್ದ ಮಲದಿಂದ ಲಾಡಿಹುಳುವಿನ ಮೊಟ್ಟೆ ಮೇವಿನ ಜೊತೆ ದನದ ಹೊಟ್ಟೆ ಸೇರುತ್ತದೆ. ತೊಳೆಯದ ಕೈಯಿಂದ ಟೈಫಾಯ್ಡ್ ರೋಗಾಣು ಹಾಲಿಗೆ ಇಳಿಯುತ್ತದೆ. ಸಂಘಕ್ಕೆ ದಿನಕ್ಕೆರಡು ಬಾರಿ ಹಾಲು ತರುವವರಲ್ಲಿ ಮೊಣಕಾಲು ನೋವಿನ ಹಿರಿಯರು, ಗರ್ಭಿಣಿಯರು, ಅಂಗವಿಕಲರು ಇದ್ದಾರೆ. ಶೌಚಾಲಯ ಅವರಿಗೂ ಒದಗಬೇಕು.

ಸಿಮೆಂಟಿನ ರೆಡಿಮೇಡ್ ಹಲಗೆಗಳಿಂದ ಗೋಡೆ ಬೇಗ ನಿಲ್ಲಿಸಬಹುದು. ಮುಂಗಾರಿಗೆ ಮೊದಲೇ ಕೆಲಸ ಮುಗಿಯುತ್ತದೆ. ಆದರೆ ಗೋಡೆಯ ಅವಸರ ಗುಂಡಿಗೆ ಸಲ್ಲದು.

ಗುಂಡಿ: ನಮ್ಮ ಎರೆಮಣ್ಣು ನೀರನ್ನು ನಿಧಾನ ಹೀರುತ್ತದೆ, ಉಬ್ಬಿ ಕುಗ್ಗುತ್ತದೆ. ಆದ್ದರಿಂದ ತೂತಿರುವ ಸಿಮೆಂಟ್ ರಿಂಗಿನ ಸುತ್ತ 1 ಅಡಿ ಮರಳು ಅಥವಾ ಸಣ್ಣ ಜಲ್ಲಿ ತುಂಬಿ. ಎರಡು ಗುಂಡಿ ಇರಲಿ. ಒಂದು ತುಂಬಿದರೆ ಎರಡು ವರ್ಷ ಮುಚ್ಚಿಟ್ಟು ಇನ್ನೊಂದನ್ನು ಬಳಸಿ. ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 10 ಮೀಟರ್ ದೂರವಿರಲಿ. ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಹಳ್ಳಿಗಳಲ್ಲಿ ಮೇ ತಿಂಗಳ ಒಣಗುಂಡಿ ನೋಡಿ ಮೋಸಹೋಗಬೇಡಿ. ಕಾಲುವೆ ಬಿಟ್ಟಾಗ ಪಕ್ಕದ ಬಾವಿಯಲ್ಲಿ ನೀರು ಎಷ್ಟು ಮೇಲೆ ಬರುತ್ತದೆ ಎಂದು ವಿಚಾರಿಸಿ. ಗುಂಡಿಯ ತಳ ಆ ಮಟ್ಟಕ್ಕಿಂತ 2 ಮೀಟರ್ ಮೇಲಿರಬೇಕು. ಆಗದಿದ್ದರೆ ಪಂಚಾಯಿತಿ ಇಂಜಿನಿಯರ್ ಸಲಹೆ ಪಡೆಯಿರಿ.

ಅಳತೆ: ಹಲಗೆಗೆ ಆರ್ಡರ್ ಕೊಡುವ ಮುಂಚೆಯೇ ನಿರ್ಧರಿಸಿ, ಆಮೇಲೆ ಬಾಗಿಲು ಅಗಲ ಮಾಡಲಾಗದು. ಬಾಗಿಲು 3 ಅಡಿ, ಹೊರಕ್ಕೆ ತೆರೆಯಬೇಕು. ಒಳಗೆ ಗಾಲಿಕುರ್ಚಿ ತಿರುಗಲು 5 ಅಡಿ ಜಾಗ, ಕೂರುವ ಕಮೋಡ್, ಪಕ್ಕದಲ್ಲಿ ಹಿಡಿಕೆ ಕಂಬಿ ಬೇಕು. ಇಳಿಜಾರು 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಅಡಿಪಾಯವನ್ನು ಅರ್ಧ ಅಡಿಗೆ ಇಳಿಸಿದರೆ 6 ಅಡಿ ಸಾಕು. ಮಳೆನೀರು ಒಳನುಗ್ಗದ ಜಾಗ ಆರಿಸಿ.

ದಿನಗಳ ಲೆಕ್ಕ: ಅಡಿಪಾಯದ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಿ. ಅದೇ ವಾರದಲ್ಲಿ ಗುಂಡಿ, ಪೈಪು ಮುಗಿಸಿಕೊಳ್ಳಿ. ಹಲಗೆ ಕೊನೆಗೆ ಬರಲಿ. ನೀರು, ಸೋಪು, ತೊಳೆಯುವ ಹೊಣೆ ಯಾರದೆಂದು ಆಡಳಿತ ಮಂಡಳಿ ಸಭೆಯಲ್ಲಿ ಬರೆದುಕೊಳ್ಳಿ.

ಅಗೆಯುವ ಮುನ್ನ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಕೋಲು ಹಿಡಿದು ನಡೆಯುವ ಹಿರಿಯರೊಬ್ಬರನ್ನು ಅದರೊಳಗೆ ನಡೆಸಿ ನೋಡಿ. ಅವರಿಗೆ ಸರಿಯಾದದ್ದು ಎಲ್ಲರಿಗೂ ಸರಿ.