ಪ್ರವಾಸೋದ್ಯಮ ಮೇಳಗಳ ಪ್ರಚಾರದಲ್ಲಿ ಅಂತರ್ಜಾಲ: ಲಿಂಗಂಪಲ್ಲಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಸರಕು ಇರುವ ಎಡೆಗೆ ಜನರನ್ನು ಕರೆತರುವ ವ್ಯವಸ್ಥೆ ಕನ್ನಡ ನಾಡಿಗೆ ಹೊಸದಲ್ಲ. ಸಂತೆ, ಜಾತ್ರೆ, ಪರಿಷೆ, ಉರುಸುಗಳು ಶತಮಾನಗಳಿಂದ ಈ ಕಾರ್ಯವನ್ನು ನಿರ್ವಹಿಸುತ್ತ ಬಂದಿವೆ. ಡಂಗುರ, ಕರಪತ್ರ, ಗೋಡೆಬರಹಗಳು ಅವುಗಳ ಪ್ರಚಾರ ಸಾಧನಗಳಾಗಿದ್ದವು. ಆಧುನಿಕ ವ್ಯಾಪಾರ ಮೇಳವು ಈ ಪರಂಪರೆಯ ಮುಂದುವರಿಕೆಯೇ ಆಗಿದೆ. ಆದರೆ ಪ್ರವಾಸೋದ್ಯಮದ ಮೇಳಕ್ಕೆ ಉಳಿದವುಗಳಿಗಿಲ್ಲದ ಒಂದು ವೈಶಿಷ್ಟ್ಯವುಂಟು. ಸೀರೆಯನ್ನೋ ನೇಗಿಲನ್ನೋ ಮಳಿಗೆಗೆ ತಂದು ತೋರಿಸಬಹುದು. ಬೀದರಿನ ಕೋಟೆಯನ್ನು ತರಲಾಗದು. ಅಲ್ಲಿ ಮಾರಾಟವಾಗುವುದು ಸ್ಥಳವಲ್ಲ, ಸ್ಥಳವನ್ನು ಕುರಿತ ಮಾತು, ಚಿತ್ರ ಮತ್ತು ಭರವಸೆ. ಆದ್ದರಿಂದಲೇ ಮಾತು ಮತ್ತು ಚಿತ್ರಗಳನ್ನು ದೂರಕ್ಕೆ ಒಯ್ಯುವ ಅಂತರ್ಜಾಲಕ್ಕೂ ಈ ಮೇಳಕ್ಕೂ ಇರುವ ಸಂಬಂಧ ಬೇರೆ ಮೇಳಗಳಿಗಿಂತ ನಿಕಟವಾದುದು. ಇದು ಭಾಷೆಯ ಪ್ರಶ್ನೆಯೂ ಹೌದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರವಾಸೋದ್ಯಮದ ವ್ಯಾಪಾರ ಮೇಳಗಳ ಇತಿಹಾಸದಲ್ಲಿ 1966ರಲ್ಲಿ ಆರಂಭವಾದ ಬರ್ಲಿನ್ ಮೇಳಕ್ಕೆ ಪ್ರಮುಖ ಸ್ಥಾನವಿದೆ. 1980ರಲ್ಲಿ ಲಂಡನ್ನಿನ ವರ್ಲ್ಡ್ ಟ್ರಾವೆಲ್ ಮಾರ್ಕೆಟ್ ಆರಂಭವಾಯಿತು. ಭಾರತದಲ್ಲಿ ಕೇರಳವು 2000ದಲ್ಲಿ ಕೊಚ್ಚಿಯಲ್ಲಿ ಕೇರಳ ಟ್ರಾವೆಲ್ ಮಾರ್ಟ್ ನಡೆಸಿ ಮಾದರಿಯೊಂದನ್ನು ಒದಗಿಸಿತು. ಕರ್ನಾಟಕದ ಅಂತಾರಾಷ್ಟ್ರೀಯ ಪ್ರವಾಸ ಮೇಳ ನಡೆದುದು 2019ರಲ್ಲಿ, ಬೆಂಗಳೂರಿನಲ್ಲಿ. ಹೈದರಾಬಾದಿಗಾದರೋ ವಸ್ತುಪ್ರದರ್ಶನದ ದೀರ್ಘ ಪರಂಪರೆಯಿದೆ. ನಿಜಾಮರ ಕಾಲದಲ್ಲಿ, 1938ರಲ್ಲಿ ಮೊದಲಾದ ‘ನುಮಾಯಿಶ್’ ಇಂದಿಗೂ ನಾಂಪಲ್ಲಿಯ ಮೈದಾನದಲ್ಲಿ ಪ್ರತಿವರ್ಷದ ಆರಂಭದಲ್ಲಿ ನಡೆಯುತ್ತದೆ. 2003ರಲ್ಲಿ ನಗರದ ಪಶ್ಚಿಮ ಭಾಗದಲ್ಲಿ ಹೈಟೆಕ್ಸ್ ಪ್ರದರ್ಶನ ಕೇಂದ್ರ ತಲೆಯೆತ್ತಿದ ಮೇಲೆ ವ್ಯಾಪಾರ ಮೇಳಗಳ ಗುರುತ್ವಕೇಂದ್ರ ಆ ಕಡೆಗೆ ಸರಿಯಿತು. ಅದೇ ವರ್ಷ ನಗರದ ಉಪನಗರ ರೈಲು ಸೇವೆಯೂ ಆರಂಭಗೊಂಡಿತು. ಅದರ ಪಶ್ಚಿಮದ ಮುಖ್ಯ ನಿಲ್ದಾಣವಾದ ಲಿಂಗಂಪಲ್ಲಿಯು ಈ ಪ್ರದೇಶದ ಹೆಬ್ಬಾಗಿಲಿನಂತಿದೆ.

ಕನ್ನಡಿಗರ ದೃಷ್ಟಿಯಿಂದ ಲಿಂಗಂಪಲ್ಲಿಗೆ ಇನ್ನೊಂದು ಮಹತ್ವವಿದೆ. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲುದಾರಿ ಇದರ ಮೂಲಕವೇ ಹಾಯುತ್ತದೆ. ವಿಕಾರಾಬಾದಿನಲ್ಲಿ ಒಂದು ಕವಲು ಬೀದರಿನತ್ತ ತಿರುಗಿದರೆ, ಮುಖ್ಯ ಮಾರ್ಗವು ತಾಂಡೂರು, ಸೇಡಂ, ಮಳಖೇಡ, ಚಿತ್ತಾಪುರಗಳನ್ನು ದಾಟಿ ವಾಡಿಯನ್ನು ಸೇರುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ, 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುತ್ತಿರುವ ನಾಡು ಇದೇ. ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗದ ಕಾಲದ ರಾಜಧಾನಿ. ಬೀದರಿನಲ್ಲಿ 1472ರ ಮಹಮೂದ್ ಗವಾನನ ಮದರಸಾ, ಕಲಬುರಗಿಯ ಕೋಟೆಯೊಳಗೆ 1367ರ ಜಾಮಿ ಮಸೀದಿ, ಭೀಮಾ ತೀರದ ಸನ್ನತಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳು ಇವೆ. ಹೈದರಾಬಾದಿನಲ್ಲಿ ನಡೆಯುವ ಯಾವುದೇ ಪ್ರವಾಸ ಮೇಳಕ್ಕೆ ಈ ಪ್ರದೇಶವು ಸಹಜವಾದ ಹಿನ್ನಾಡು. ಹೀಗಿದ್ದೂ ಹಂಪಿ, ಮೈಸೂರುಗಳಿಗೆ ದೊರೆತ ಪ್ರಸಿದ್ಧಿ ಇವುಗಳಿಗೆ ದೊರೆತಿಲ್ಲ. ಇದಕ್ಕೆ ರಸ್ತೆ, ವಸತಿಗಳ ಕೊರತೆಯ ಜೊತೆಗೆ ಪ್ರಚಾರದ ಕೊರತೆಯೂ ಕಾರಣವೆಂಬುದನ್ನು ಒಪ್ಪಬೇಕಾಗುತ್ತದೆ.

ಭಾರತದಲ್ಲಿ ಅಂತರ್ಜಾಲ ಸೇವೆ ಸಾರ್ವಜನಿಕರಿಗೆ ಲಭ್ಯವಾದುದು 1995ರ ಆಗಸ್ಟ್ 15ರಂದು. ಅಲ್ಲಿಂದೀಚೆಗೆ ಮೇಳಗಳ ಪ್ರಚಾರದ ಕ್ರಮವೇ ಬದಲಾಗಿದೆ. ಅದನ್ನು ಮೂರು ಘಟ್ಟಗಳಲ್ಲಿ ಗುರುತಿಸಬಹುದು. ಮೊದಲನೆಯದು ಮೇಳಕ್ಕೆ ಮುಂಚಿನದು: ಜಾಲತಾಣದಲ್ಲಿ ಮಳಿಗೆದಾರರ ಪಟ್ಟಿ, ಸಭಾಂಗಣದ ನಕ್ಷೆ ಹಾಗೂ ಹೆಸರು ನೋಂದಣಿಯ ವ್ಯವಸ್ಥೆ, ಮಿಂಚಂಚೆಯ ಮೂಲಕ ಆಹ್ವಾನ, ಕೊಳ್ಳುವವರಿಗೂ ಮಾರುವವರಿಗೂ ಮೊದಲೇ ಭೇಟಿಯ ವೇಳೆ ಗೊತ್ತುಪಡಿಸುವುದು. ಎರಡನೆಯದು ಮೇಳದ ದಿನಗಳದು: ಪ್ರವೇಶ ಚೀಟಿಯ ಮೇಲಿನ ಕ್ಯೂಆರ್ ಸಂಕೇತದಿಂದ ಭೇಟಿ ನೀಡಿದವರ ವಿವರಗಳನ್ನು ದಾಖಲಿಸುವುದು, ಚಿತ್ರಗಳನ್ನು ಆಗಿಂದಾಗಲೇ ಪ್ರಕಟಿಸುವುದು. ಮೂರನೆಯದು ಮೇಳದ ನಂತರದ್ದು: ಪರಿಚಯವಾದವರಿಗೆ ದರಪಟ್ಟಿ ಕಳುಹಿಸಿ ವ್ಯವಹಾರವನ್ನು ಕುದುರಿಸುವುದು. ಈ ಮೂರರಲ್ಲಿ ಕಡೆಯದು ಬಹುಮಟ್ಟಿಗೆ ಉಪೇಕ್ಷೆಗೆ ಒಳಗಾಗುತ್ತದೆ. ಆದರೆ ಮಳಿಗೆಯ ಬಾಡಿಗೆ ಸಾರ್ಥಕವಾಗುವುದು ಅದರಿಂದಲೇ. ವ್ಯಾಪಾರ ಮೇಳದ ಯಶಸ್ಸನ್ನು ಅಳೆಯಬೇಕಾದುದು ನೆರೆದ ಜನರ ಸಂಖ್ಯೆಯಿಂದಲ್ಲ, ಮುಂದುವರಿದ ಸಂಬಂಧಗಳಿಂದ.

ಈ ಮೂರೂ ಘಟ್ಟಗಳ ತಳಹದಿಯಾಗಿರುವುದು ಹೆಸರು. ಅಂತರ್ಜಾಲದಲ್ಲಿ ಜನರು ಹೆಸರು ಹಿಡಿದೇ ಹುಡುಕುತ್ತಾರೆ. ಹೆಸರು ತಪ್ಪಿದರೆ ದಾರಿಯೂ ತಪ್ಪುತ್ತದೆ. ಲಿಂಗಂಪಲ್ಲಿಯೇ ಇದಕ್ಕೆ ಉತ್ತಮ ನಿದರ್ಶನ. ರೈಲು ನಿಲ್ದಾಣದ ಈ ಲಿಂಗಂಪಲ್ಲಿಯಲ್ಲದೆ, ನಗರದ ಹಳೆಯ ಬಡಾವಣೆಗಳ ನಡುವೆ ಬಾಗ್‌ಲಿಂಗಂಪಲ್ಲಿಯೆಂಬ ಬೇರೊಂದು ಸ್ಥಳವಿದೆ. ಇತ್ತ ಸುತ್ತಲಿನ ಆಡಳಿತ ವಿಭಾಗಕ್ಕೆ ಶೇರಿಲಿಂಗಂಪಲ್ಲಿ ಎಂದು ಹೆಸರು. ಆಮಂತ್ರಣದಲ್ಲಿ ಬರಿದೇ ‘ಲಿಂಗಂಪಲ್ಲಿ’ ಎಂದು ನಮೂದಿಸಿದರೆ ಪರಸ್ಥಳದವನು ನಗರದ ಮತ್ತೊಂದು ಮೂಲೆಗೆ ತಲುಪಿದರೆ ಆಶ್ಚರ್ಯವಿಲ್ಲ. ಗುಲ್ಬರ್ಗವು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿಯಾಯಿತು. ಹಳೆಯ ಪುಸ್ತಕಗಳನ್ನೋದಿದ ವಿದೇಶೀಯನು ಇಂದಿಗೂ ಗುಲ್ಬರ್ಗವನ್ನೇ ಅರಸುತ್ತಾನೆ. ಮಳಖೇಡ, ಮಾನ್ಯಖೇಟ ಎಂಬ ಎರಡು ರೂಪಗಳ ಜೊತೆಗೆ ರೈಲು ನಿಲ್ದಾಣದ ಫಲಕದ ‘ಮಲ್ಖೈದ್ ರೋಡ್’ ಸೇರಿದರೆ ಒಂದೇ ಊರು ಮೂರಾಗುತ್ತದೆ. ಸ್ಥಳನಾಮಗಳ ಅಧ್ಯಯನವು ಕೇವಲ ಪಂಡಿತರ ವಿಷಯವೆಂಬ ಭಾವನೆ ಬಳಕೆಯಲ್ಲಿದೆ. ಒಂದು ಊರಿನ ಹಳೆಯ, ಹೊಸ ಹಾಗೂ ಪರ್ಯಾಯ ರೂಪಗಳೆಲ್ಲವನ್ನೂ ಒಂದೇ ಪುಟದಲ್ಲಿ ಒಟ್ಟಿಗೆ ಕೊಡಬಲ್ಲ ಭಾಷಾವಿದನ ನೆರವು ಪ್ರಚಾರಕನಿಗೆ ಎಷ್ಟು ಅವಶ್ಯವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹೆಸರಿನಷ್ಟೇ ಮುಖ್ಯವಾದುದು ಲಿಪಿ. 1990ರ ದಶಕದಲ್ಲಿ ಕನ್ನಡದ ಅಕ್ಷರವಿನ್ಯಾಸಗಳು ತಂತ್ರಾಂಶದಿಂದ ತಂತ್ರಾಂಶಕ್ಕೆ ಭಿನ್ನವಾಗಿದ್ದವು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತಿತ್ತು. 1991ರ ಯೂನಿಕೋಡ್ ಸಂಹಿತೆಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಯಲ್ಲಿ ನೆಲೆಗೊಳ್ಳಲು ಬಹುಕಾಲ ಹಿಡಿಯಿತು. ಇಂದು ಆ ತೊಡಕು ನೀಗಿದೆ. ಆದರೆ ಅಭ್ಯಾಸ ನೀಗಿಲ್ಲ. ಈಗಲೂ ಎಷ್ಟೋ ಕನ್ನಡ ಆಮಂತ್ರಣಗಳು ಚಿತ್ರರೂಪದಲ್ಲಿ ಮಾತ್ರ ಹರಿದಾಡುತ್ತವೆ. ಅಕ್ಷರದ ಚಿತ್ರವು ಅಕ್ಷರವಲ್ಲ: ಕಣ್ಣಿಗೆ ಅದು ಓದಾಗಬಹುದು, ಆದರೆ ಅದರೊಳಗಿನ ದಿನಾಂಕ, ಸ್ಥಳ, ಮಳಿಗೆಯ ಸಂಖ್ಯೆಗಳು ಹುಡುಕುವವನಿಗೆ ಸುಲಭವಾಗಿ ಎಟುಕುವುದಿಲ್ಲ. ಚಿತ್ರದೊಡನೆ ಅದೇ ವಿವರವನ್ನು ಯೂನಿಕೋಡ್ ಬರಹದಲ್ಲಿಯೂ ಕೊಡುವುದು ಖರ್ಚಿಲ್ಲದ ಪರಿಹಾರ.

ವಿದೇಶೀ ವ್ಯಾಪಾರಿಗೆ ಇಂಗ್ಲಿಷ್ ಸಾಕು, ಕನ್ನಡವೇಕೆ ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಆದರೆ ಮೇಳದ ಮಳಿಗೆಯಲ್ಲಿ ನಿಲ್ಲಬೇಕಾದವರು ಯಾರೆಂಬುದನ್ನು ಯೋಚಿಸಬೇಕು. ಬಿದರಿ ಕಲೆಯ ಉದಾಹರಣೆಯನ್ನೇ ಗಮನಿಸಬಹುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತನೆಯೊಳಗೆ ಬೆಳ್ಳಿಯನ್ನು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸುವ ಈ ಕುಶಲಕಲೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆ ಮಣ್ಣಿನ ಗುಣವನ್ನು ನಾಲಗೆಯ ರುಚಿಯಿಂದ ಪರೀಕ್ಷಿಸುವ ಕುಶಲಕರ್ಮಿಗೆ ತನ್ನ ಕಸುಬಿನ ಮಾತು ಬರುವುದು ತನ್ನ ನುಡಿಯಲ್ಲಿ. ಅರ್ಜಿ, ನಿಯಮ, ನೋಂದಣಿಗಳೆಲ್ಲ ಇಂಗ್ಲಿಷಿನಲ್ಲಿಯೇ ಇದ್ದರೆ ಮಳಿಗೆಯು ಮಧ್ಯವರ್ತಿಯ ಪಾಲಾಗುತ್ತದೆ. ಲಾಭವೂ, ಹೆಸರೂ ಅವನಿಗೇ ಸಲ್ಲುತ್ತವೆ. ಸ್ಥಳೀಯ ಮಾರ್ಗದರ್ಶಿ, ಸಣ್ಣ ವಸತಿಗೃಹದ ಒಡೆಯ, ವಾಹನ ನಡೆಸುವವ ಇವರೆಲ್ಲರ ಸ್ಥಿತಿಯೂ ಇದೇ. ಕನ್ನಡ, ತೆಲುಗು, ಉರ್ದುಗಳು ಕೂಡಿ ಬಾಳುವ ಈ ಗಡಿಸೀಮೆಯಲ್ಲಿ ಮೂರೂ ಭಾಷೆಗಳ ಪುಟಗಳಿರುವುದು ಔದಾರ್ಯವಲ್ಲ, ವ್ಯವಹಾರದ ಅಗತ್ಯ. ಕೊಳ್ಳುವವರಲ್ಲಿಯೂ ಬಹುಪಾಲು ಸ್ವದೇಶದ ಪ್ರವಾಸಿಗರೇ ಎಂಬುದನ್ನು ಮರೆಯುವಂತಿಲ್ಲ.

ಅಂತರ್ಜಾಲಕ್ಕೂ ಅದರದೇ ಆದ ಮಿತಿಯಿದೆ. ಕೋವಿಡ್ ವ್ಯಾಧಿಯ ಕಾರಣ 2020ರ ಬರ್ಲಿನ್ ಮೇಳವು ಕೊನೆಯ ಗಳಿಗೆಯಲ್ಲಿ ರದ್ದಾಯಿತು. 2021ರಲ್ಲಿ ಅದು ಸಂಪೂರ್ಣವಾಗಿ ಅಂತರ್ಜಾಲದಲ್ಲಿಯೇ ನಡೆಯಿತು. ಅಂತರ್ಜಾಲವೇ ಮೇಳದ ಸ್ಥಾನವನ್ನು ಆಕ್ರಮಿಸುವುದಾಗಿದ್ದರೆ ಅದಕ್ಕಿಂತ ಅನುಕೂಲವಾದ ಸಂದರ್ಭ ಬೇರೊಂದಿರಲಿಲ್ಲ. ಆದರೂ 2023ರಲ್ಲಿ ಮೇಳವು ಮತ್ತೆ ಸಭಾಂಗಣಗಳಿಗೆ ಮರಳಿತು. ಕಾಣದ ಸರಕನ್ನು ಕೊಳ್ಳುವವನಿಗೆ ಮಾರುವವನ ಮುಖವನ್ನಾದರೂ ಕಾಣಬೇಕೆನಿಸುವುದು ಸಹಜ. ಅಂತರ್ಜಾಲವು ಕರೆಯಬಲ್ಲುದು, ನೆನಪಿಸಬಲ್ಲುದು. ಎದುರು ಕೂತು ಒಪ್ಪಂದ ಮಾಡಿಕೊಳ್ಳುವ ಭರವಸೆಯನ್ನು ಅದೊಂದೇ ನೀಡಲಾರದು.

ಒಟ್ಟಿನಲ್ಲಿ, ಪ್ರವಾಸ ಮೇಳದ ಅಂತರ್ಜಾಲ ಪ್ರಚಾರವನ್ನು ಕೇವಲ ತಂತ್ರಜ್ಞರ ಕೆಲಸವೆಂದು ಬಗೆಯುವುದು ಸರಿಯಲ್ಲ. ಸ್ಥಳನಾಮಗಳ ಸರಿಯಾದ ರೂಪ, ಶಾಸನ ಮತ್ತು ಸ್ಮಾರಕಗಳ ನಿಖರವಾದ ಮಾಹಿತಿ, ಕುಶಲಕಲೆಗಳ ಪರಿಭಾಷೆ ಇವೆಲ್ಲ ಕನ್ನಡ ಅಧ್ಯಯನ ವಿಭಾಗಗಳ ವ್ಯಾಪ್ತಿಗೆ ಸೇರಿದವು. ಇವನ್ನು ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಭಾಗವಾಗಿ ಸಂಗ್ರಹಿಸಿ ಸರಳ ಕನ್ನಡದ ಪುಟಗಳನ್ನಾಗಿ ಸಿದ್ಧಪಡಿಸಿದರೆ ಮಳಿಗೆದಾರನಿಗೂ ಪ್ರವಾಸಿಗೂ ಉಪಕಾರವಾಗುತ್ತದೆ. ಲಿಂಗಂಪಲ್ಲಿಯಲ್ಲಿ ಮೇಳ ಮುಗಿಸಿ ಹೊರಡುವ ಪ್ರವಾಸಿಯು ಅದೇ ನಿಲ್ದಾಣದಲ್ಲಿ ಪಶ್ಚಿಮದ ರೈಲು ಹಿಡಿದು ಮಾನ್ಯಖೇಟದತ್ತ ಸಾಗುವಂತಾದರೆ ಆ ಪ್ರಚಾರ ಸಫಲವಾಯಿತೆಂದು ಧಾರಾಳವಾಗಿ ಹೇಳಬಹುದು.